ಹೊಳಪು ಕೆರೆದ ಮಿಂಚಕ್ಕ

ಮಿಂಚಕ್ಕನ ಕೈಗೆ ಸಿಕ್ಕಿದ ಯಾವ ವಸ್ತುವೂ ಮಂಕಾಗಿ ಆಚೆ ಹೋದದ್ದಿಲ್ಲ. ತುಕ್ಕು ತಿಂದ ಗೇಟು, ಬಾಡಿಗೆ ಮನೆಯವರ ಬೀರು, ಸೈಕಲ್ಲಿನ ಮಡ್‌ಗಾರ್ಡು, ಗೋಡೆಗೆ ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲು, ಏನೇ ಇರಲಿ, ಅದರಲ್ಲಿ ತನ್ನ ಹಲ್ಲು ಕಾಣುವ ತನಕ ಆಕೆ ಬಿಡುವವಳಲ್ಲ. ಕೆಲಸ ಮುಗಿದ ಮೇಲೆ ಮೂಗಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದು, ಬಗ್ಗಿ, ಒಣಗಿದ ಬಣ್ಣದ ಮುಂದೆ ‘ಈ’ ಅಂತ ಹಲ್ಲು ಕಿರಿಯುವಳು. ಸಂದುಗಳ ಸಮೇತ ಹಲ್ಲು ಕಂಡರೆ ಪಾಸು, ಇಲ್ಲವಾದರೆ ಮೇಲೆ ಇನ್ನೊಂದು ಕೋಟು. ಗ್ಯಾರೇಜುಗಳ ಆ ಸಾಲಿನಲ್ಲಿ ಆಕೆಗೆ ಈ ಹೆಸರು ಬಿದ್ದದ್ದು ಹಾಗೆ. ಹೆತ್ತವರಿಟ್ಟ ಹೆಸರು ಗಂಡನಿಗೂ ತಕ್ಷಣ ನೆನಪಿಗೆ ಬರುತ್ತಿರಲಿಲ್ಲ.

ಕಸುಬು ಅಪ್ಪನಿಂದ ಬಂದದ್ದು. ಅಪ್ಪ ಗೇಟು, ಕಿಟಕಿ ಸರಳುಗಳಿಗೆ ಬಣ್ಣ ಬಳಿಯುವವನು. ಸ್ಕೂಲಿನಿಂದ ಬಂದ ಮಗಳು ಬ್ರಶ್ಶಿಗೆ ಕೈ ಚಾಚಿದರೆ ಆತ ಕೊಡುತ್ತಿದ್ದದ್ದು ಮರಳುಕಾಗದ. “ಮೊದ್ಲು ಕೆರೆಯೋದು ಕಲಿ. ಬಣ್ಣ ಯಾರ್ ಬೇಕಾದ್ರೂ ಹೊಡೀತಾರೆ” ಎನ್ನುತ್ತಿದ್ದ. ಅವಳ ಬಾಲ್ಯದ ಸಂಜೆಗಳೆಲ್ಲ ಕೆರೆಯುವುದರಲ್ಲೇ ಕಳೆದವು. ಉಗುರಿನ ಸಂದಿಗೆ ತುಕ್ಕು ಹೊಕ್ಕು, ಊಟದ ತುತ್ತಿಗೂ ಕಬ್ಬಿಣದ ರುಚಿ ಅಂಟಿಕೊಂಡಿರುತ್ತಿತ್ತು. ಅದಕ್ಕೇ, ತನ್ನದೇ ಶೆಡ್ಡು ಎದ್ದ ದಿನ ಆಕೆ ಮಾಡಿದ ಮೊದಲ ಕೆಲಸವೆಂದರೆ ಕೆರೆಯುವುದಕ್ಕೊಂದು ಮೆಷಿನ್ ತಂದದ್ದು. “ಇನ್ನು ನನ್ನ ಕೈ ಬಣ್ಣಕ್ಕೆ ಮಾತ್ರ” ಎಂದು ಗಂಡನ ಮುಂದೆ ಶಪಥ ಮಾಡಿದ್ದಳು.

ಗಂಡ ಬೇರೆಯವರ ಲಾರಿಯ ಸ್ಟಿಯರಿಂಗ್ ಹಿಡಿದು ಸಾಕಾಗಿ, ಕೊನೆಗೊಂದು ಹಳೆಯ ಮೂರು ಗಾಲಿಯ ಸರಕಿನ ಗಾಡಿ ತಂದ. ಡೈರಿಯವರು ಅವನಿಗೆ ಬೆಳಗಿನ ಹಾಲಿನ ದಾರಿ ಕೊಟ್ಟರು. ಊರಾಚೆಯ ಮನೆಗಳಿಂದ ಕ್ಯಾನು ತುಂಬಿಸಿಕೊಂಡು, ರೈಲು ಹಳಿಯ ಮೇಲಿನ ಉದ್ದನೆಯ ಸೇತುವೆ ಹತ್ತಿ ಇಳಿದು, ಬಿಸಿಲೇರುವುದರೊಳಗೆ ಡೈರಿಯ ತಣ್ಣನೆಯ ಕೋಣೆಗೆ ಮುಟ್ಟಿಸಬೇಕು. ಕೆಲಸ ಅಷ್ಟೇ. ಆದರೆ ಆ ಮನೆಯ ಅಡುಗೆ ಒಲೆ ಉರಿಯುತ್ತಿದ್ದದ್ದು ಆ ದಾರಿಯಿಂದಲೇ. ಶೆಡ್ಡಿನ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಗಾಡಿ ತಂದಾಗ ಮಿಂಚಕ್ಕ ಏಳು ತಿಂಗಳು ತುಂಬಿದ ಬಸುರಿ. ಎಂಜಿನ್ನನ್ನು ಕೆಳಗಿಳಿಸಿ, ಪಕ್ಕದ ಗ್ಯಾರೇಜಿನ ಮೇಸ್ತ್ರಿ ಮೇಜಿನ ಮೇಲಿಟ್ಟುಕೊಂಡು ಬಿಚ್ಚಿ ಕಟ್ಟುತ್ತಿದ್ದ. ಆಕೆ ಸೊಂಟಕ್ಕೆ ಕೈಕೊಟ್ಟು ಹೋಗಿ ನೋಡಿದಳು.

“ಇದೇನ್ರೀ ಮೇಸ್ತ್ರಿ, ಒಳ್ಳೆ ಸುಟ್ಟ ಬಾಣಲೆ ಇದ್ದಂಗಿದೆ!”

“ಎಂಜಿನ್ ಕಣಮ್ಮ, ಮದುಮಗಳಲ್ಲ. ಸೀಟಿನ ಕೆಳಗೆ ಕೂತಿರತ್ತೆ. ಯಾರು ನೋಡ್ತಾರೆ ಇದನ್ನ?”

“ನಾನು ನೋಡ್ತೀನಿ.”

ಅದು ನೀರು ಬೇಡದ ಎಂಜಿನ್. ಅದರ ಮೈಸುತ್ತ ತೆಳ್ಳನೆಯ ಲೋಹದ ರೆಕ್ಕೆಗಳು, ಪುಸ್ತಕದ ಹಾಳೆಗಳನ್ನು ಬಿಡಿಸಿ ಇಟ್ಟಂತೆ, ಒಂದರ ಮೇಲೊಂದು. ಒಳಗಿನ ಬಿಸಿ ಆ ರೆಕ್ಕೆಗಳಿಗೆ ಹರಿದು ಬರುತ್ತದೆ. ಸಂದಿಗಳಲ್ಲಿ ಓಡಾಡುವ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಮಾಡಿದವರು ಅದಕ್ಕೆ ಹೊಳಪಿಲ್ಲದ ಕಪ್ಪನ್ನು ಹೊಡೆದೂ ಹೊಡೆಯದಂತೆ ಹೊಡೆದಿದ್ದರು. ಮಿಂಚಕ್ಕನ ಕಣ್ಣಿಗೆ ಅದು ಬರೀ ಸೋಮಾರಿತನವಾಗಿ ಕಂಡಿತು.

ಬಸುರಿಗೆ ಬಣ್ಣದ ಹೊಗೆ ಆಗದೆಂದು ಅತ್ತೆ ಸ್ಪ್ರೇ ಗನ್ನನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದರು. “ಸ್ಪ್ರೇ ಇಲ್ಲದಿದ್ರೇನು, ಬ್ರಶ್ ಇದೆಯಲ್ಲ” ಅಂದುಕೊಂಡಳು ಸೊಸೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಗೋಡೆಗೊರಗಿ ಕೂತು ಶುರು ಮಾಡಿದಳು. ರೆಕ್ಕೆಗಳ ಬುಡ ಒರಟಾಗಿತ್ತು. ಶಾಖಕ್ಕೆ ಬಿರಿಯದಂಥ ಪೇಸ್ಟು ತುಂಬಿ ಅದನ್ನು ನುಣುಪು ಮಾಡಿದಳು. ಮೇಲೆ ಬೆಳ್ಳಿ ಬಣ್ಣ ದಪ್ಪಗೆ, ಮತ್ತೆ ದಪ್ಪಗೆ, ಕೊನೆಗೆ ಗಾಜಿನಂಥ ವಾರ್ನಿಶ್. ಒಳಗಿದ್ದ ಕೂಸು ಒದ್ದಾಗಲೆಲ್ಲ ಬ್ರಶ್ ಎತ್ತಿ ಹಿಡಿದು ಕಾಯುತ್ತಿದ್ದಳು, ಗೆರೆ ಸೊಟ್ಟಗಾಗಬಾರದೆಂದು. ಗಂಡನಿಗೆಂದು ಆಕೆ ಮಾಡಿದ ಕೆಲಸಗಳಲ್ಲಿ ಇಷ್ಟು ಅಕ್ಕರೆಯಿಂದ ಮಾಡಿದ್ದು ಇನ್ನೊಂದಿಲ್ಲ. ಮುಗಿದ ಮೇಲೆ ಹಲ್ಲು ಕಿರಿದು ನೋಡಿದಳು. ರೆಕ್ಕೆ ರೆಕ್ಕೆಯಲ್ಲೂ ಹಲ್ಲು!

ಗಂಡನಂತೂ ಉಬ್ಬಿಹೋದ. ಎಲ್ಲಿ ನಿಂತರೂ ಸೀಟು ಎತ್ತಿ ತೋರಿಸುವನು. “ನಮ್ಮನೆಯವಳ ಕೈಕೆಲಸ!” ಡೈರಿಯಲ್ಲಿ ಅವನ ಗಾಡಿಗೆ ‘ಬೆಳ್ಳಿ ಎಂಜಿನ್ನು’ ಅಂತಲೇ ಹೆಸರಾಯಿತು.

ಚಳಿಯಿದ್ದಷ್ಟು ದಿನ ಎಲ್ಲ ಸರಿಯಿತ್ತು. ಮಗು ಹುಟ್ಟಿತು, ಕತ್ತು ನಿಂತಿತು, ಮಗುಚಿಕೊಂಡಿತು. ಬಿಸಿಲು ಬಲಿಯುತ್ತಿದ್ದಂತೆ ಗಾಡಿ ಸೇತುವೆಯ ಏರಿನಲ್ಲಿ ಏದುಸಿರು ಬಿಡತೊಡಗಿತು. ಮೊದಮೊದಲು ಎಳೆಯುವ ಶಕ್ತಿ ಕುಂದಿತು. ಆಮೇಲೆ ಅರ್ಧ ಏರಿಗೆ ಬಂದು ಕಟಕಟ ಎಂದು ಸದ್ದು ಮಾಡಿ ನಿಂತೇಬಿಡುತ್ತಿತ್ತು. ತಣ್ಣಗಾಗುವ ತನಕ ಸ್ಟಾರ್ಟರಿನ ಹಿಡಿ ಎಷ್ಟು ಎಳೆದರೂ ಉಸಿರಿಲ್ಲ. ಗಂಡ ಗಾಲಿಗೆ ಕಲ್ಲು ಕೊಟ್ಟು, ಕ್ಯಾನುಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಹಿಂದಿನ ಗಾಡಿಗಳವರ ಬೈಗುಳ ಕೇಳುತ್ತ ನಿಲ್ಲುವನು. ಎರಡು ಬಾರಿ ಹಾಲು ಹುಳಿಯಾಗಿ ವಾಪಸು ಬಂತು.

ಡೈರಿಯ ಮೇಲ್ವಿಚಾರಕ ಒರಟನೇನಲ್ಲ. “ನೋಡಪ್ಪ, ನಿನ್ನ ಎಂಜಿನ್ನು ಬೆಳ್ಳೀದೋ ಬಂಗಾರದ್ದೋ, ನನಗೆ ಹಾಲು ಬೇಕು. ಇನ್ನೊಂದ್ಸಲ ಏರಲ್ಲಿ ನಿಂತ್ರೆ ಈ ದಾರಿ ಬೇರೆಯವರಿಗೆ ಹೋಗತ್ತೆ. ಆಮೇಲೆ ನನ್ನ ಮೇಲೆ ಬೇಜಾರ್ ಮಾಡ್ಕೋಬೇಡ” ಎಂದ.

ಮೇಸ್ತ್ರಿ ಆಯಿಲ್ ಬದಲಿಸಿದ, ಪ್ಲಗ್ ಬದಲಿಸಿದ, ಮತ್ತೊಮ್ಮೆ ಬಿಚ್ಚಿ ರಿಂಗು ಹಾಕಿದ. ಏನು ಮಾಡಿದರೂ ಗಾಡಿ ನೆಟ್ಟಗಾಗಲಿಲ್ಲ. ಮನೆಯಲ್ಲಿ ತಪ್ಪು ಯಾರದೆಂಬ ಲೆಕ್ಕ ಶುರುವಾಯಿತು.

“ನೀನು ಕ್ಯಾನು ಜಾಸ್ತಿ ಹೇರ್ತೀಯ” ಎಂದಳು ಮಿಂಚಕ್ಕ, ಮಗುವಿನ ಬಟ್ಟೆ ಹಿಂಡುತ್ತ.

“ಕೊಟ್ಟಷ್ಟು ಹೇರ್ತೀನಿ. ಅಲ್ಲಿ ನಿಂತ್ಕೊಂಡು ಬೇಡ ಅನ್ಲಾ?”

“ಲಾರಿ ಓಡಿಸಿದ ಕೈ ನಿಂದು. ಇದನ್ನೂ ಲಾರಿ ಅಂದ್ಕೊಂಡು ತುಳೀತೀಯ.”

“ಹೌದು ತಾಯಿ, ಎಲ್ಲ ನಂದೇ ತಪ್ಪು. ಬಿಸಿಲೂ ನಂದೇ, ಸೇತುವೆ ಕಟ್ಟಿಸಿದ್ದೂ ನಾನೇ.”

ಮುಂಚೆಯಾದರೆ ಇಂಥ ಮಾತಿಗೆ ಇಬ್ಬರೂ ನಗುತ್ತಿದ್ದರು. ಈಗ ನಗುವಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ. ಮಗು ಎದ್ದಾಗಲೆಲ್ಲ ಎದ್ದು ಎದ್ದು ಆಕೆಯ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಹಗಲು ಶೆಡ್ಡಿನಲ್ಲಿ ಸ್ಪ್ರೇ ಹಿಡಿದರೆ ತೋಳು ತಾನಾಗಿ ಇಳಿಯುತ್ತಿತ್ತು. ಒಂದು ದಿನ ಬೀರುವಿನ ಬಾಗಿಲಿಗೆ ತಲೆಯಾನಿಸಿ ನಿಂತಲ್ಲೇ ತೂಕಡಿಸಿ, ಹಸಿ ಬಣ್ಣದ ಮೇಲೆ ಹಣೆಯ ಅಚ್ಚು ಬಿತ್ತು. ಗಿರಾಕಿ ನಕ್ಕ. ಆಕೆ ಮೇಲೆ ಇನ್ನೊಂದು ಕೋಟು ಹೊಡೆದಳು.

ಆವತ್ತು ಮಧ್ಯಾಹ್ನ ಶೆಡ್ಡಿನಿಂದ ಬರುವಾಗ ಮಗುವಿನ ಅಳು ಬೀದಿಗೆ ಕೇಳುತ್ತಿತ್ತು. ಒಳಗೆ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದರು.

“ಬೆಳಗ್ಗೆಯಿಂದ ಹಿಂಗೇ ಕಣೆ. ಹಾಲು ಬೇಡ, ತೊಟ್ಟಿಲು ಬೇಡ. ಮೈ ನೋಡು, ಕಾದ ಹಂಚು. ಜ್ವರವೇ ಇರ್ಬೇಕು.”

ಮಿಂಚಕ್ಕ ಓಡಿಹೋಗಿ ಕೈ ತೊಳೆದು ಬಂದಳು. ಕೈಗೆತ್ತಿಕೊಂಡರೆ ಮಗು ಸಣ್ಣ ದಿಂಬಿನ ಹಾಗಿತ್ತು. ಟೊಪ್ಪಿ, ಸ್ವೆಟರು, ಅದರ ಕೆಳಗೆ ಇನ್ನೊಂದು ಅಂಗಿ, ಎಲ್ಲದರ ಮೇಲೊಂದು ಶಾಲು.

“ಅತ್ತೆ, ಬೇಸಿಗೇಲಿ ಇಷ್ಟೆಲ್ಲ ಯಾಕೆ?”

“ಫ್ಯಾನ್ ಗಾಳಿ ಕಿವಿಗೆ ಹೊಕ್ರೆ ಯಾರು ನೋಡ್ತಾರೆ? ನೀನಾ? ನೀನು ಶೆಡ್ಡಲ್ಲಿರ್ತೀಯ.”

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಒಂದೊಂದೇ ಕಳಚಿದಳು. ಕತ್ತಿನ ಮಡಿಕೆ ಬಿಡಿಸಿ ನೋಡಿದರೆ ಒಳಗೆ ಪೌಡರು ಬೆವರಿನಲ್ಲಿ ನೆಂದು ಸುಣ್ಣದ ಹಾಗೆ ಗಟ್ಟಿ ಕಟ್ಟಿತ್ತು. ಮೊಮ್ಮಗು ಘಮಘಮ ಎನ್ನಲೆಂದು, ಬಂದವರ ಕಣ್ಣಿಗೆ ಬೆಳ್ಳಗೆ ಕಾಣಲೆಂದು ಅತ್ತೆ ಸುರಿದದ್ದು. ಅದರಡಿಯಲ್ಲಿ ಚರ್ಮ ಕೆಂಪಗೆ ಸಾಸಿವೆ ಚೆಲ್ಲಿದ ಹಾಗೆ ಗುಳ್ಳೆಯೆದ್ದಿತ್ತು. ತೊಡೆಯ ಮಡಿಕೆಗಳಲ್ಲೂ ಹಾಗೇ, ಕಂಕುಳಲ್ಲೂ.

ಒದ್ದೆ ಬಟ್ಟೆಯನ್ನು ಬೆರಳ ತುದಿಗೆ ಸುತ್ತಿ ಆಕೆ ಮೊದಲ ಮಡಿಕೆಯೊಳಗೆ ಮೆಲ್ಲಗೆ ಎಳೆದಳು. ಬಿಳಿ ಗಷ್ಟು ಬಟ್ಟೆಗೆ ಬಂತು. ಎರಡನೆಯ ಮಡಿಕೆ. ಮಗುವಿನ ಅಳು ಬಿಕ್ಕಾಯಿತು. ಕಿಟಕಿಯ ಗಾಳಿ ಬರಿ ಕತ್ತಿಗೆ ತಾಗಿದ್ದೇ ಅದು ಬಾಯಿ ಅರ್ಧ ತೆರೆದು, ಆಶ್ಚರ್ಯಪಟ್ಟವರಂತೆ ಸುಮ್ಮನಾಯಿತು. ಹಣೆ ಮುಟ್ಟಿ ನೋಡಿದಳು, ಬಿಸಿ ಇಳಿಯುತ್ತಿತ್ತು. ಜ್ವರವೂ ಇಲ್ಲ, ಏನೂ ಇಲ್ಲ. ಒಳಗಿನ ಕಾವಿಗೆ ಆಚೆ ಹೋಗಲು ದಾರಿಯಿರಲಿಲ್ಲ, ಅಷ್ಟೇ.

ಮೂರನೆಯ ಮಡಿಕೆಯಲ್ಲಿ ಆಕೆಯ ಬೆರಳು ನಿಂತಿತು.

ಇಂಥ ಸಂದಿಗಳನ್ನು ಈ ಕೈಯೇ ಎಲ್ಲೋ ತುಂಬಿತ್ತು. ಬೆಳ್ಳಗೆ, ನುಣ್ಣಗೆ, ನೋಡುವವರ ಕಣ್ಣಿಗೆ ಚೆಂದವಾಗಲೆಂದು.

“ಏನಾಯ್ತೇ? ಗರಬಡಿದವಳಂಗೆ ಕೂತ್ಯಲ್ಲ” ಎಂದರು ಅತ್ತೆ.

“ಪೌಡರ್ ಡಬ್ಬಿ ಮೇಲೆತ್ತಿಡಿ ಅತ್ತೆ” ಎಂದಳು ಮಿಂಚಕ್ಕ. “ನಾನು ಸ್ವಲ್ಪ ಮೇಸ್ತ್ರಿ ಹತ್ರ ಹೋಗ್ಬರ್ತೀನಿ. ನಿಮ್ಮ ಮೇಲೆ ಸಿಟ್ಟಿಲ್ಲ.” ಸಿಟ್ಟು ಮಾಡುವ ಮುಖ ತನಗಿಲ್ಲವೆಂಬುದನ್ನು ಮಾತ್ರ ಹೇಳಲಿಲ್ಲ.

ಮೇಸ್ತ್ರಿ ಯಾವುದೋ ಸ್ಕೂಟರಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದ.

“ಮೇಸ್ತ್ರಿ, ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನಮ್ಮ ಗಾಡಿ ಕಾಯೋದು ನನ್ನ ಬಣ್ಣದಿಂದಾನಾ?”

ಆತ ಸ್ಪಾನರನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಬಣ್ಣ ಅಂತಲ್ಲಮ್ಮ… ಬಣ್ಣ ತೆಳ್ಳಗಿದ್ರೆ ಏನೂ ಆಗಲ್ಲ. ನಿಂದು ಕಂಬಳಿ ಹೊದ್ಸಿದಂಗಾಯ್ತು. ರೆಕ್ಕೆ ಬುಡ ತುಂಬಿಬಿಟ್ಟಿದೀಯ, ಗಾಳಿ ಎಲ್ಲಿ ನುಗ್ಬೇಕು? ಅದ್ರ ಮೇಲೆ ಆ ಕನ್ನಡಿ ಹೊಳಪು. ಮಂಕು ಕಪ್ಪು ಬಿಸೀನ ಆಚೆ ಬಿಡತ್ತೆ. ಹೊಳೆಯೋದು ಹಿಡ್ಕೊಂಡು ಕೂರತ್ತೆ.”

“ಗೊತ್ತಿತ್ತಾ ನಿಮಗೆ?”

“ಅನುಮಾನ ಇತ್ತು.”

“ಮತ್ತೆ ಆಯಿಲ್ಲು, ಪ್ಲಗ್ಗು, ರಿಂಗು ಅಂತ ನಮ್ಮನ್ನ ಕುಣಿಸಿದ್ದು?”

“ಅದೂ ಇರ್ಬಹುದು ಅಂತ…” ಆತ ಕೊನೆಗೆ ತಲೆಯೆತ್ತಿದ. “ಏಳು ತಿಂಗಳ ಬಸುರಿ ಗೋಡೆಗೆ ಒರಗ್ಕೊಂಡು ಮಾಡಿದ ಕೆಲಸ. ನಾನೇ ಕಣ್ಣಾರೆ ನೋಡಿದೀನಿ. ಹೆಂಗಮ್ಮ ಕೆರೆದು ಬಿಸಾಕು ಅನ್ನೋದು? ಬಾಯಿ ಬರಲಿಲ್ಲ.”

ಮಿಂಚಕ್ಕನಿಗೆ ಆತನ ತಲೆ ಮೇಲೆ ಸ್ಪಾನರ್ ಕುಟ್ಟಬೇಕೆನಿಸಿತು, ಕೂತು ಅಳಬೇಕೂ ಅನಿಸಿತು. ಎರಡಕ್ಕೂ ಸುಸ್ತು ಬಿಡಲಿಲ್ಲ. “ನಾಳೆ ಹಾಲಿಳಿಸಿ ಬಂದ ಮೇಲೆ ಎಂಜಿನ್ ಇಳಿಸ್ಕೊಡಿ” ಎಂದಷ್ಟೇ ಹೇಳಿ ಹೊರಟಳು. ಮಾರನೆಯ ಬೆಳಗ್ಗೆ ಗಂಡ ಪುಣ್ಯವಶಾತ್ ತೆವಳಿಕೊಂಡು ಏರು ದಾಟಿದ. ಅದರ ಮರುದಿನ ಅವನಿಗೆ ವಾರದ ರಜೆ, ಆ ದಾರಿಗೆ ಡೈರಿಯ ಇನ್ನೊಂದು ಗಾಡಿ ಹೋಗುತ್ತಿತ್ತು. ಇದ್ದ ಬಿಡುವು ಅಷ್ಟೇ.

ಕೆರೆಯುವ ಮೆಷಿನ್ ರೆಕ್ಕೆಗಳ ಸಂದಿಗೆ ಹೋಗಲಿಲ್ಲ. ಅದರ ತಂತಿ ಬ್ರಶ್ಶು ಅಗಲ, ಸಂದಿ ಬೆರಳಿನಷ್ಟೂ ಇಲ್ಲ. ಕೈಯೇ ಗತಿ. ಆಕೆ ಮೂಲೆಯ ಡಬ್ಬದಿಂದ ಅಪ್ಪನ ಕಾಲದ ಕೆರೆಗತ್ತಿ ತೆಗೆದಳು. ಅದರ ಹಿಡಿ ಇನ್ನೂ ಅಪ್ಪನ ಹೆಬ್ಬೆರಳಿನ ಗುಂಡಿಯನ್ನು ಹಾಗೇ ಇಟ್ಟುಕೊಂಡಿತ್ತು. ತೊಟ್ಟಿಲನ್ನು ಶೆಡ್ಡಿನ ಬಾಗಿಲಾಚೆ, ಗಾಳಿ ಬರುವ ಕಡೆ ಕಟ್ಟಿ, ಅತ್ತೆಯನ್ನು ಅಲ್ಲಿ ಕೂರಿಸಿದಳು. ಮಗುವಿಗೆ ತೆಳ್ಳನೆಯದೊಂದು ಅಂಗಿ, ಅಷ್ಟೇ.

ಬೇರೆ ಯಾರಾದರೂ ಹೊಡೆದ ಬಣ್ಣವಾಗಿದ್ದರೆ ಅಷ್ಟು ಶಾಖಕ್ಕೆ ಎಂದೋ ಸಿಪ್ಪೆಯೆದ್ದು ಉದುರಿರುತ್ತಿತ್ತು. ಇದು ಮಿಂಚಕ್ಕನ ಬಣ್ಣ, ಬಿಡುವ ಜಾತಿಯದಲ್ಲ. ವಾರ್ನಿಶ್ ಚಹಾದ ಬಣ್ಣಕ್ಕೆ ತಿರುಗಿದ್ದರೂ ಕಚ್ಚಿ ಹಿಡಿದಿತ್ತು. ತಿನ್ನರ್ ಹಚ್ಚಿ, ನೆನೆಯಬಿಟ್ಟು, ಕೆರೆದು, ಒರೆಸಿ, ಮತ್ತೆ ತಿನ್ನರ್. ಪೇಸ್ಟಂತೂ ಕಲ್ಲು. ಎಷ್ಟು ಚೆನ್ನಾಗಿ ಮಾಡಿದ್ದಳೋ ಅಷ್ಟೇ ಕಷ್ಟ ಕೊಟ್ಟಿತು. ಒಂದು ರೆಕ್ಕೆ ಬೋಳಾಗುವಷ್ಟರಲ್ಲಿ ಬೆರಳ ಗೆಣ್ಣು ತರಚಿತು. ಮುಂದಿನದರ ಹೊತ್ತಿಗೆ ಬೆನ್ನು ಕೂಗಿತು. ಮಗು ಎದ್ದಾಗ ಸೋಪು ಹಚ್ಚಿ ಮೊಣಕೈವರೆಗೆ ತೊಳೆದು, ಸೀರೆ ಬದಲಿಸಿ ಹಾಲು ಕೊಡುವುದು. ಮಲಗಿದ ಮೇಲೆ ಮತ್ತೆ ಬಂದು ಕೂರುವುದು.

ಗಂಡ ಬಾಗಿಲಲ್ಲಿ ಬಂದು ನಿಂತ. ನೆಲದ ತುಂಬ ಬೆಳ್ಳಿಯ ಹೊಟ್ಟು.

“ಕೆರೆದೇಬಿಟ್ಯಾ?”

“ನೀನು ಕ್ಯಾನು ಜಾಸ್ತಿ ಹೇರಿದ್ದಲ್ಲ. ತುಳಿದಿದ್ದೂ ಅಲ್ಲ.” ಆಕೆ ತಲೆಯೆತ್ತಲಿಲ್ಲ. “ನಾನೇ ಹೊದ್ಸಿ ಮಲಗ್ಸಿದ್ದು.”

ಅವನು ಬಗ್ಗಿ ಚಿಟಿಕೆ ಹೊಟ್ಟು ಎತ್ತಿ ಬೆಳಕಿಗೆ ಹಿಡಿದ. ಹೆಂಡತಿ ತಪ್ಪೊಪ್ಪಿಕೊಂಡ ಖುಷಿಗಿಂತ ಆ ಹೊಳಪು ಹೋದ ಬೇಜಾರೇ ಅವನ ಮುಖದಲ್ಲಿ ಹೆಚ್ಚಾಗಿತ್ತು.

“ಜನ ಬಗ್ಗಿ ಬಗ್ಗಿ ನೋಡ್ತಿದ್ರು ಕಣೆ” ಎಂದ.

“ನಂಗೊತ್ತಿಲ್ವಾ?”

“ಈಚೆ ಕಡೆ ಒಂದೇ ಒಂದು ಬಿಡಕ್ಕಾಗಲ್ವಾ? ನೆನಪಿಗೆ?”

“ಆಗಲ್ಲ.”

ಅವನು ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮರದ ಕಡ್ಡಿಯ ತುದಿ ಚೂಪು ಮಾಡಿಕೊಂಡು ಇನ್ನೊಂದು ಬದಿಯಿಂದ ಕೆರೆಯತೊಡಗಿದ. “ಹಿಂಗಲ್ಲ, ರೆಕ್ಕೆ ಮುರೀತೀಯ, ಉದ್ದಕ್ಕೆ ಎಳಿ” ಎಂದು ಬೈಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಬೈಸಿಕೊಂಡ. ಹೊರಗಿನಿಂದ ಅತ್ತೆ, “ಗಂಡ ಹೆಂಡ್ತಿ ಸೇರಿ ಅದನ್ನ ಬೋಳು ಮಾಡಿದ್ದಾಯ್ತಾ? ಅನ್ನ ಆರ್ತಿದೆ” ಎಂದು ಕೂಗಿದರು.

ರಜೆಯ ದಿನದ ಸಂಜೆಗೆ ಲೋಹ ಬರಿಮೈಯಾಯಿತು. ಇನ್ನು ಕಪ್ಪು ಹೊಡೆಯಬೇಕು, ಅದೂ ಹೊಡೆದದ್ದು ಗೊತ್ತಾಗಬಾರದಷ್ಟು ತೆಳ್ಳಗೆ. ಇಷ್ಟು ವರ್ಷದ ಕಸುಬಿನಲ್ಲಿ ಮಿಂಚಕ್ಕ ಕಡಿಮೆ ಹೊಡೆಯುವುದನ್ನು ಕಲಿತಿರಲಿಲ್ಲ. ಹೆರಿಗೆಯಾದ ಮೇಲೆ ಅಟ್ಟದಿಂದ ಇಳಿದಿದ್ದ ಸ್ಪ್ರೇ ಗನ್ನನ್ನು ದೂರ ಹಿಡಿದು, ಮಂಜು ಹಾಯ್ದಂತೆ ಒಮ್ಮೆ ಹಾಯಿಸಿದಳು. ಒಂದು ಮೂಲೆ ಇನ್ನೂ ಬೂದಿ ಬೂದಿಯಾಗಿ ಕಂಡು ಬೆರಳು ಗನ್ನಿನ ಟ್ರಿಗರಿನ ಮೇಲೆ ತುರಿಸಿತು. ಬೇಡ ಎಂದು ತನಗೆ ತಾನೇ ಗದರಿಕೊಂಡು ಗನ್ನು ಕೆಳಗಿಟ್ಟಳು. ಒಣಗಿದ ಮೇಲೆ ಅಭ್ಯಾಸಬಲದಿಂದ ಬಗ್ಗಿ ಹಲ್ಲು ಕಿರಿದಳು. ಏನೂ ಕಾಣಲಿಲ್ಲ. ಮತ್ತದೇ ಸುಟ್ಟ ಬಾಣಲೆ.

ರಾತ್ರಿಯೇ ಮೇಸ್ತ್ರಿ ಎಂಜಿನ್ನನ್ನು ಗಾಡಿಗೆ ಕೂರಿಸಿಕೊಟ್ಟ. ಮಾರನೆಯ ಬೆಳಗ್ಗೆ ತಾನೂ ಬರುತ್ತೇನೆಂದಳು. “ಏರು ನಾನು ನೋಡ್ಬೇಕು. ನಿಂತ್ರೆ ನನ್ನ ಕಣ್ಣೆದುರಿಗೇ ನಿಲ್ಲಲಿ.” ಮಗುವನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಪಕ್ಕ ಒತ್ತರಿಸಿ ಕೂತಳು. ಮನೆ ಮನೆಯ ಮುಂದೆ ನಿಂತು ಕ್ಯಾನುಗಳು ಹತ್ತಿದವು. ಬಿಸಿಲಿನ ಝಳ ಶುರುವಾಗುತ್ತಿತ್ತು. ಆಕೆ ಕಿವಿಯನ್ನೆಲ್ಲ ಎಂಜಿನ್ನಿನ ಸದ್ದಿಗೆ ಕೊಟ್ಟಿದ್ದಳು. ಈಗ ಕಟಕಟ ಅನ್ನಬಹುದು, ಈಗ ಎಳೆತ ತಪ್ಪಬಹುದು. ಸೀಟಿನ ಕೆಳಗಿನಿಂದ ಬಿಸಿಗಾಳಿ ಹೊರಟು ಪಾದಕ್ಕೆ ಬಡಿಯುತ್ತಿತ್ತು. ಹಿಂದೆ ಅದು ಹಾಗೆ ಬಡಿದದ್ದು ನೆನಪಿಲ್ಲ. ಆ ಬಿಸಿ, ಆ ಒಂದೇ ಸಮನೆಯ ಗುಡುಗುಡು, ಎದೆಗೊರಗಿದ ಮಗುವಿನ ಭಾರ.

“ಏರು ಬಂದಾಗ ಹೇಳು” ಎಂದಳು.

“ಹೂಂ.”

ಕ್ಯಾನುಗಳ ಢಣಢಣ ಸದ್ದಿಗೆ ಆಕೆ ಬೆಚ್ಚಿ ಕಣ್ಣು ಬಿಟ್ಟಳು. ಕತ್ತು ಸೊಟ್ಟಗೆ ಹಿಡಿದುಕೊಂಡಿತ್ತು. ಮಗು ಅವಳ ಸೆರಗು ಜಗಿಯುತ್ತಿತ್ತು. ಎದುರಿಗೆ ಡೈರಿಯ ಗೇಟು. ಮೇಲ್ವಿಚಾರಕ ಕ್ಯಾನಿನ ಮುಚ್ಚಳ ತೆಗೆದು ಮೂಗು ಇಳಿಬಿಟ್ಟು ಮೂಸಿ, ತಲೆಯಾಡಿಸಿ ಒಳಗೆ ಕಳಿಸುತ್ತಿದ್ದ.

“ಏರು?” ಎಂದಳು ಗಾಬರಿಯಿಂದ.

“ಆಗ್ಲೇ ಹೋಯ್ತು.”

“ಹೇಳು ಅಂದಿದ್ನಲ್ಲ!”

“ಎಬ್ಬಿಸೋಕೆ ಅಲ್ಲಿ ಏನೂ ಆಗ್ಲಿಲ್ಲ” ಎಂದ ಗಂಡ, ಇನ್ನೊಂದು ಕ್ಯಾನು ಇಳಿಸುತ್ತ.

ಮೇಲ್ವಿಚಾರಕ ಹತ್ತಿರ ಬಂದು, ಆಕೆ ಕೆಳಗಿಳಿದ ಮೇಲೆ ರೂಢಿಯಂತೆ ಸೀಟು ಎತ್ತಿ ಬಗ್ಗಿ ನೋಡಿದ. “ಅಯ್ಯಯ್ಯೋ, ಬೆಳ್ಳಿ ಎಂಜಿನ್ ಎಲ್ಲಪ್ಪ? ಇದ್ಯಾವ ಗುಜರಿ ಹಾಕ್ಸಿದೀಯ?”

ಗಂಡ ಹೆಂಡತಿಯ ಮುಖ ನೋಡಿದ.

“ಅದೇ ಸಾರ್” ಎಂದಳು ಮಿಂಚಕ್ಕ. “ಮುಖ ತೊಳಿಸಿದ್ವಿ.”

ಆತ ನಗುತ್ತ, “ನಾಳೇನೂ ಇದೇ ಹೊತ್ತಿಗೆ ಬಾ” ಎಂದು ಗಂಡನ ಬೆನ್ನು ತಟ್ಟಿ ಒಳಗೆ ಹೋದ. ಆಕೆ ರೆಕ್ಕೆಗಳ ಹತ್ತಿರ ಅಂಗೈ ಒಡ್ಡಿದಳು. ಬಿಸಿ ಒಂದೇ ಸಮನೆ ಹೊರಗೆ ಬರುತ್ತಿತ್ತು, ತಡೆಯಿಲ್ಲದೆ. ಉಗುರಿನ ಸಂದಿಯಲ್ಲಿ ಬೆಳ್ಳಿಯ ಪುಡಿ ಇನ್ನೂ ಉಳಿದಿತ್ತು, ತೊಳೆದರೂ ಹೋಗಿರಲಿಲ್ಲ. ಮಗುವಿನ ಕತ್ತು ಮುಟ್ಟಿ ನೋಡಿದಳು. ತಣ್ಣಗಿತ್ತು. ಇನ್ನೂ ಅರ್ಧದಷ್ಟು ಕ್ಯಾನು ಇಳಿಯುವುದಿತ್ತು. ಸೀಟು ಮುಚ್ಚಿ, ಮತ್ತೆ ಹತ್ತಿ ಕೂತು, ಮಗುವನ್ನು ಈಚೆ ಹೆಗಲಿಗೆ ಬದಲಿಸಿಕೊಂಡು ಆಕೆ ಕಣ್ಣು ಮುಚ್ಚಿದಳು.